ರೆಂಬ್ರಾಂಟನ ‘ಮೂರು ಮರಗಳು’: ನೋಡುವುದು ಹೇಗೆ, ಆಮೇಲೆ ನಮ್ಮದೊಂದು ಮರ ಮಾಡುವುದು ಹೇಗೆ

ತಾಮ್ರದ ತಗಡಿನಲ್ಲಿ ಆಸಿಡ್‌ನಿಂದ ಗೆರೆ ಕೊರೆದು, ಇಂಕು ತುಂಬಿ, ಕಾಗದಕ್ಕೆ ಅಚ್ಚು ತೆಗೆಯುವ ಕಲೆಗೆ ಎಚಿಂಗ್ ಅನ್ನುತ್ತಾರೆ. ಅದನ್ನು ಕಲಿಯಲು ಬರುವವರಿಗೆ ನಾನು ಮೊದಲ ದಿನ ಸೂಜಿ ಕೊಡುವುದಿಲ್ಲ. ತಾಮ್ರದ ತಗಡನ್ನೂ ಕೊಡುವುದಿಲ್ಲ. ಒಂದು ಎ4 ಹಾಳೆ ಕೊಟ್ಟು ಕೂರಿಸುತ್ತೇನೆ. ಅದರಲ್ಲಿ ಡಚ್ ಕಲಾವಿದ ರೆಂಬ್ರಾಂಟ್ 1643ರಲ್ಲಿ ಮಾಡಿದ ‘ಮೂರು ಮರಗಳು’ ಇರುತ್ತದೆ. ಕೆಲವರಿಗೆ ಬೇಜಾರಾಗುತ್ತದೆ. ಕೆಲಸ ಮಾಡೋಣ ಅಂತ ಬಂದವರಿಗೆ ನೋಡುತ್ತಾ ಕೂರಿ ಅಂದರೆ ಬೇಜಾರು ಸಹಜ ಅಲ್ವಾ. ಆದರೂ ನಾನು ಬಿಡುವುದಿಲ್ಲ.

ಕಾರಣ ಇದು. ಮರದ ಚಿತ್ರ ಅಂದ ಕೂಡಲೇ ಎಲ್ಲರೂ ಅರ್ಥಕ್ಕೆ ಹಾರುತ್ತಾರೆ. ಮರ ಅಂದರೆ ಬದುಕು, ಬೇರು ಅಂದರೆ ಊರು, ಒಣಕೊಂಬೆ ಅಂದರೆ ಸಾವು. ಈ ಪಟ್ಟಿ ಹಿಡಿದುಕೊಂಡು ನೋಡಿದರೆ ಜಗತ್ತಿನ ಎಲ್ಲ ಮರದ ಚಿತ್ರಗಳೂ ಒಂದೇ ಆಗಿಬಿಡುತ್ತವೆ. ಎಚಿಂಗ್‌ನಲ್ಲಿ ಅರ್ಥ ಬರುವುದು ಗೆರೆಯಿಂದ. ಯಾವ ಗೆರೆಯನ್ನು ಆಸಿಡ್ ಎಷ್ಟು ಹೊತ್ತು ತಿಂದಿದೆ, ಯಾವುದನ್ನು ಕೈ ನೇರವಾಗಿ ಗೀಚಿದೆ, ಎಲ್ಲಿ ಕಾಗದವನ್ನು ಸುಮ್ನೆ ಬಿಟ್ಟಿದೆ. ಇದನ್ನು ಮೊದಲು ಓದಿ. ಸಂಕೇತದ ಮಾತು ಆಮೇಲೆ. ಮೈಸೂರಿನಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ನಾನು ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅರ್ಧ ನೋಡುವ ಪಾಠ, ಅರ್ಧ ಮಾಡುವ ಪಾಠ.

ಹಾಳೆ ತಯಾರು ಮಾಡಿಕೊಳ್ಳಿ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ಸಂಗ್ರಹದ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿದೆ. ‘ಮೂರು ಮರಗಳು’ ಅಲ್ಲಿ ಸಿಗುತ್ತದೆ. ಮೂಲದ ಅಳತೆ ಸುಮಾರು 21 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲ. ಅಂದರೆ ಎ4 ಹಾಳೆಯನ್ನು ಅಡ್ಡ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ. ಜೆರಾಕ್ಸ್ ಅಂಗಡಿಯಲ್ಲಿ ಅದೇ ಅಳತೆಗೆ ಪ್ರಿಂಟ್ ತೆಗೆಸಿ. ಹೊಳೆಯುವ ಫೋಟೊ ಪೇಪರ್ ಬೇಡ, ಮಾಮೂಲಿ ದಪ್ಪ ಕಾಗದ ಸಾಕು. ಜೊತೆಗೆ ಒಂದು ಭೂತಗನ್ನಡಿ ಇಟ್ಟುಕೊಳ್ಳಿ.

ಮೊಬೈಲಿನಲ್ಲಿ ಹಿಗ್ಗಿಸಿ ನೋಡುವ ಆಸೆ ಬರುತ್ತದೆ. ಮೊದಲು ಅದು ಬೇಡ. ಹಿಗ್ಗಿಸಿದಾಗ ನಿಜವಾದ ಅಳತೆ ಮರೆತುಹೋಗುತ್ತದೆ. ಈ ಚಿತ್ರದಲ್ಲಿ ಕೆಲವು ಮನುಷ್ಯರು ಅಕ್ಕಿಕಾಳಿಗಿಂತ ದೊಡ್ಡವರಲ್ಲ. ಅಷ್ಟು ಸಣ್ಣದಾಗಿ ಅವರನ್ನು ಇಟ್ಟಿದ್ದು ಬೇಕೆಂದೇ. ಆ ಸಣ್ಣತನ ನಿಮ್ಮ ಕಣ್ಣಿಗೆ ತಟ್ಟಬೇಕು.

ಮೊದಲು ಕಪ್ಪು-ಬಿಳಿ ಮಾತ್ರ

ಹಾಳೆಯನ್ನು ಗೋಡೆಗೆ ಅಂಟಿಸಿ. ಒಂದು ತೋಳಿನಷ್ಟು ದೂರ ನಿಲ್ಲಿ. ಕಣ್ಣನ್ನು ಅರ್ಧ ಮುಚ್ಚಿ. ಈಗ ವಿವರಗಳೆಲ್ಲ ಹೋಗಿ ಬರೀ ಕಪ್ಪು, ಬೂದು, ಬಿಳಿ ಉಳಿಯುತ್ತವೆ.

ಬಲಗಡೆ ಒಂದು ಸಣ್ಣ ದಿಬ್ಬ. ಅದರ ಮೇಲೆ ಒತ್ತೊತ್ತಾಗಿ ಮೂರು ಮರ. ಅವುಗಳ ಹಿಂದಿನ ಆಕಾಶ ಬೆಳ್ಳಗಿದೆ. ಹಾಗಾಗಿ ಮರಗಳು ಇನ್ನೂ ಕಪ್ಪಾಗಿ ಕಾಣುತ್ತವೆ. ಎಡಗಡೆ ಮೇಲಿನ ಮೂಲೆಯಲ್ಲಿ ಓರೆಯಾಗಿ ಬೀಳುವ ಗೆರೆಗಳ ಕಟ್ಟು, ಅದು ಮಳೆ. ಅದರ ಪಕ್ಕದಲ್ಲಿ ಸುರುಳಿ ಸುತ್ತುವ ಮೋಡ. ಕೆಳಗೆ ಎಡಕ್ಕೆ ಚಾಪೆ ಹಾಸಿದಷ್ಟು ಸಮತಟ್ಟಾದ ಬಯಲು. ಬಯಲಿನ ಕೊನೆಗೆ ಒಂದು ಊರಿನ ಗೋಪುರಗಳು. ಅದು ಆಮ್‌ಸ್ಟರ್‌ಡ್ಯಾಮ್ ಎಂದು ಹೆಚ್ಚಿನವರು ಗುರುತಿಸುತ್ತಾರೆ. ಹಾಲೆಂಡಿನಲ್ಲಿ ಬೆಟ್ಟ ಇಲ್ಲ. ಅಲ್ಲಿ ಭೂಮಿಯ ಗೆರೆ ಕೆಳಗೇ ಇರುತ್ತದೆ, ಉಳಿದದ್ದೆಲ್ಲ ಆಕಾಶ. ಅಂಥ ಜಾಗದಲ್ಲಿ ಎದ್ದು ನಿಂತ ಒಂದು ಮರವೂ ದೊಡ್ಡ ಘಟನೆ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಮಳೆ ಬರುತ್ತಿದೆಯೋ, ಹೋಗುತ್ತಿದೆಯೋ? ತಿಳಿದವರು ಎರಡನ್ನೂ ಹೇಳಿದ್ದಾರೆ. ನಿಮ್ಮ ಉತ್ತರವನ್ನು ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಗೆರೆ ಓದಿದ ಮೇಲೆ ಅದು ಬದಲಾದರೂ ಆಗಬಹುದು.

ಇನ್ನೊಂದು ವಿಷಯ ನೆನಪಿರಲಿ. ತಗಡಿನ ಮೇಲೆ ಬರೆದದ್ದು ಕಾಗದಕ್ಕೆ ಬರುವಾಗ ಎಡಬಲ ತಿರುಗುತ್ತದೆ. ರೆಂಬ್ರಾಂಟ್ ಕೆಲಸ ಮಾಡುತ್ತಿದ್ದಾಗ ಈ ಮರಗಳು ಅವನ ಎಡಗೈ ಕಡೆ ಇದ್ದವು.

ಈಗ ಗೆರೆ ಓದಿ

ಇದೇ ಈ ಪಾಠದ ಮುಖ್ಯ ಭಾಗ. ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ಈ ಒಂದು ಚಿತ್ರದಲ್ಲಿ ಮೂರು ಬಗೆಯ ಗೆರೆಗಳಿವೆ, ಮೂರಕ್ಕೂ ಬೇರೆ ಬೇರೆ ಹುಟ್ಟು.

ಮೊದಲನೆಯದು ಆಸಿಡ್ ತಿಂದ ಗೆರೆ, ಎಚಿಂಗ್. ತಾಮ್ರದ ತಗಡಿನ ಮೇಲೆ ಮೇಣ, ರಾಳ, ಡಾಂಬರು ಬೆರೆಸಿದ ತೆಳು ಪದರ ಹಚ್ಚುತ್ತಾರೆ. ಸೂಜಿ ಆ ಪದರವನ್ನು ಮಾತ್ರ ಸರಿಸುತ್ತದೆ. ತಾಮ್ರವನ್ನು ಕೊರೆಯುವುದಿಲ್ಲ. ಕೊರೆಯುವ ಕೆಲಸ ಆಸಿಡ್‌ನದು. ಹಾಗಾಗಿ ಕೈಗೆ ತಡೆಯೇ ಇಲ್ಲ. ಕಾಗದದ ಮೇಲೆ ಪೆನ್ನು ಓಡುವಷ್ಟೇ ಸಲೀಸು. ಇಂಥ ಗೆರೆ ಉದ್ದಕ್ಕೂ ಒಂದೇ ದಪ್ಪ ಇರುತ್ತದೆ. ತುದಿ ಮೊಂಡು. ಭೂತಗನ್ನಡಿಯಲ್ಲಿ ನೋಡಿದರೆ ಅಂಚು ಸ್ವಲ್ಪ ತರಿತರಿ. ಮರಗಳ ಎಲೆಗೊಂಚಲಿನ ಹೊರ ಅಂಚನ್ನು ನೋಡಿ. ಸಣ್ಣ ಸಣ್ಣ ಸುರುಳಿ, ಕೊಕ್ಕೆ, ತಿರುವು. ಅವೆಲ್ಲ ಈ ಬಗೆಯವು. ಅಷ್ಟು ಸಲೀಸಾದ ಕೈಯನ್ನು ಬೇರೆ ಯಾವ ವಿಧಾನವೂ ತಾಮ್ರದ ಮೇಲೆ ಬಿಡುವುದಿಲ್ಲ.

ಎರಡನೆಯದು ಡ್ರೈಪಾಯಿಂಟ್. ಮೇಣವೂ ಇಲ್ಲ, ಆಸಿಡ್ಡೂ ಇಲ್ಲ. ಚೂಪು ಮೊನೆಯಿಂದ ನೇರವಾಗಿ ತಾಮ್ರವನ್ನೇ ಗೀಚುವುದು. ನೇಗಿಲು ಹೋದ ಸಾಲಿನ ಪಕ್ಕದಲ್ಲಿ ಮಣ್ಣು ಏಳುವ ಹಾಗೆ ಗೆರೆಯ ಪಕ್ಕದಲ್ಲಿ ತಾಮ್ರ ಎದ್ದು ನಿಲ್ಲುತ್ತದೆ. ಅದಕ್ಕೆ ನಾವು ಬರ್ ಅನ್ನುತ್ತೇವೆ. ಇಂಕು ಆ ಬರ್‌ನಲ್ಲಿ ಸಿಕ್ಕಿಕೊಂಡು, ಅಚ್ಚಿನಲ್ಲಿ ಮಖಮಲ್ಲಿನ ಕಪ್ಪು ಕೊಡುತ್ತದೆ. ಪ್ರೆಸ್ಸಿನ ಕೆಳಗೆ ಹೋದ ಹಾಗೆಲ್ಲ ಬರ್ ಸವೆಯುತ್ತದೆ. ಆದ್ದರಿಂದ ಒಂದೇ ತಗಡಿನ ಮೊದಲ ಅಚ್ಚುಗಳಿಗೂ ಕೊನೆಯ ಅಚ್ಚುಗಳಿಗೂ ತುಂಬ ವ್ಯತ್ಯಾಸ. ಬೇರೆ ಮ್ಯೂಸಿಯಂಗಳ ಪ್ರತಿಗಳನ್ನೂ ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಮುಂಭಾಗದ ಕತ್ತಲೆ ಒಂದರಲ್ಲಿ ಆಳವಾಗಿ, ಇನ್ನೊಂದರಲ್ಲಿ ಬಡಕಲಾಗಿ ಕಂಡರೆ ಅದಕ್ಕೆ ಬರ್ ಸವೆದದ್ದು ಒಂದು ಕಾರಣ, ಇಂಕು ಒರೆಸಿದ ರೀತಿ ಇನ್ನೊಂದು.

ಮೂರನೆಯದು ಬ್ಯೂರಿನ್. ಚೌಕ ಉಕ್ಕಿನ ಕಡ್ಡಿಯ ತುದಿಯನ್ನು ಓರೆಯಾಗಿ ಮಸೆದ ಉಪಕರಣ. ಅಂಗೈಯಿಂದ ಮುಂದಕ್ಕೆ ತಳ್ಳುತ್ತಾರೆ, ತಾಮ್ರ ಎಳೆಯಾಗಿ ಎದ್ದು ಬರುತ್ತದೆ. ಗೆರೆ ತೆಳ್ಳಗೆ ಶುರುವಾಗಿ, ದಪ್ಪವಾಗಿ, ಮತ್ತೆ ತೆಳ್ಳಗಾಗಿ ಮುಗಿಯುತ್ತದೆ. ಅಂಚು ಶುದ್ಧ. ರೆಂಬ್ರಾಂಟ್ ಇದನ್ನು ಒಟ್ಟು ಚಿತ್ರ ಕಟ್ಟಲು ಬಳಸಿಲ್ಲ. ಆಸಿಡ್ ಕೊಟ್ಟ ಕಪ್ಪು ಸಾಲದ ಕಡೆ ಬಲ ತುಂಬಲು ಬಳಸಿದ್ದಾನೆ.

ಈಗ ಎಡಮೂಲೆಯ ಮಳೆಗೆ ಬನ್ನಿ. ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ ಗೆರೆಗಳು. ಚಿತ್ರದ ಬೇರೆ ಯಾವ ಭಾಗದಲ್ಲೂ ಅಷ್ಟು ನೆಟ್ಟಗಿನ ಗೆರೆ ಇಲ್ಲ. ಎಲೆ, ಹುಲ್ಲು, ಮೋಡ, ದೂರದ ಊರು, ಎಲ್ಲ ಕಡೆ ಕೈ ಅಲೆದಾಡಿದೆ, ನಡುಗಿದೆ, ಉಸಿರಾಡಿದೆ. ಮಳೆಯಲ್ಲಿ ಮಾತ್ರ ಕೈಯ ಗುರುತೇ ಇಲ್ಲ. ನನಗೆ ಈ ಚಿತ್ರದ ದೊಡ್ಡ ನಿರ್ಧಾರ ಇದೇ ಅನ್ನಿಸುತ್ತದೆ. ಬದುಕಿರುವ ಎಲ್ಲಕ್ಕೂ ಒಂದು ಬಗೆಯ ಗೆರೆ. ಮೇಲಿನಿಂದ ಬಂದು ಬೀಳುವುದಕ್ಕೆ ಇನ್ನೊಂದು ಬಗೆಯ ಗೆರೆ. ಮಳೆಯನ್ನೂ ಮೆತ್ತಗೆ, ಕೈಬರಹದಲ್ಲಿ ಬರೆದಿದ್ದರೆ ಇದು ಒಳ್ಳೆಯ ಪ್ರಕೃತಿಚಿತ್ರ ಆಗಿರುತ್ತಿತ್ತು, ಅಷ್ಟೇ.

ಒಂದು ಅಭ್ಯಾಸ ಹೇಳುತ್ತೇನೆ, ತಪ್ಪಿಸಬೇಡಿ. ಬಟರ್ ಪೇಪರ್ ತಗೊಳ್ಳಿ. ಮರದ ಎಲೆಗೊಂಚಲಿನ ಮೇಲೆ 2 ಸೆಂ.ಮೀ. ಚೌಕ ಗುರುತು ಹಾಕಿ. ಸಣ್ಣ ಮೊನೆಯ ಪೆನ್ನಿನಲ್ಲಿ ಆ ಚೌಕದ ಒಳಗಿನ ಪ್ರತಿ ಗೆರೆಯನ್ನೂ ನಕಲು ಮಾಡಿ. ಅರ್ಧ ಗಂಟೆ ಹಿಡಿಯುತ್ತದೆ. ಮುಗಿದಾಗ ಒಂದು ವಿಷಯ ಬೆರಳಿಗೇ ತಿಳಿಯುತ್ತದೆ: ಅವನು ಒಂದೇ ಒಂದು ಎಲೆಯನ್ನೂ ಬರೆದಿಲ್ಲ. ಗೊಂಚಲಿನ ನೆರಳು ಬರೆದಿದ್ದಾನೆ, ಅಂಚು ಬರೆದಿದ್ದಾನೆ, ನಡುವೆ ಆಕಾಶದ ತೂತುಗಳನ್ನು ಬಿಟ್ಟಿದ್ದಾನೆ. ಎಲೆಯನ್ನು ನಮ್ಮ ಕಣ್ಣೇ ಸೇರಿಸಿಕೊಳ್ಳುತ್ತದೆ.

ಜನರನ್ನು ಹುಡುಕಿ

ಈಗ ಭೂತಗನ್ನಡಿ, ಬೇಕಾದರೆ ಮೊಬೈಲ್. ಎಡಗಡೆ ಕೆಳಗೆ ನೀರಿನ ದಂಡೆಯಲ್ಲಿ ಒಬ್ಬ ಗಾಳ ಹಾಕಿ ಕೂತಿದ್ದಾನೆ. ಅವನ ಜೊತೆ ಒಬ್ಬ ಹೆಂಗಸು. ಬಯಲಿನಲ್ಲಿ ದನಗಳು, ಕೆಲಸದವರು. ಬಲಗಡೆ ದಿಬ್ಬದ ಮೇಲೆ ಜನ ತುಂಬಿದ ಒಂದು ಗಾಡಿ. ಅಲ್ಲೇ ಬಲತುದಿಗೆ ಒಬ್ಬ ಕೂತು ಚಿತ್ರ ಬರೆಯುತ್ತಿದ್ದಾನೆ. ಅವನು ಮಳೆಯ ಕಡೆ ನೋಡುತ್ತಿಲ್ಲ, ಈ ಮರಗಳನ್ನೂ ನೋಡುತ್ತಿಲ್ಲ. ಚಿತ್ರದ ಆಚೆ ಏನೋ ಇದೆ, ಅದನ್ನು ನೋಡುತ್ತಿದ್ದಾನೆ.

ಕೊನೆಗೆ ಬಲಗಡೆ ಕೆಳಗಿನ ಪೊದೆ. ಕಪ್ಪು ಜಾಸ್ತಿ ಇರುವ ಜಾಗ. ಅದರ ಒಳಗೆ ಇಬ್ಬರು ಪ್ರೇಮಿಗಳು ಅಡಗಿದ್ದಾರೆ. ತಕ್ಷಣ ಸಿಗುವುದಿಲ್ಲ. ಸಿಕ್ಕದಿದ್ದರೆ ಒಂದು ದಿನ ಬಿಟ್ಟು ಮತ್ತೆ ನೋಡಿ. ಯಾರಾದರೂ ಬೆರಳಿಟ್ಟು ತೋರಿಸಿದರೆ ಮಜಾ ಹೋಗುತ್ತದೆ. ಅಷ್ಟು ದಟ್ಟವಾದ ಗೆರೆಗಳ ಕೆಳಗೆ ಇಬ್ಬರನ್ನು ಬರೆದು, ಬರೆದವರನ್ನು ಮುಚ್ಚುವುದು ಸುಲಭದ ಕೆಲಸ ಅಲ್ಲ. ಒಂದು ಗೆರೆ ಜಾಸ್ತಿಯಾದರೆ ಅವರು ಇಲ್ಲವಾಗುತ್ತಾರೆ. ಕಡಿಮೆಯಾದರೆ ಅಡಗಿದವರಾಗಿ ಉಳಿಯುವುದಿಲ್ಲ.

ಈಗ ಅರ್ಥ ಕೇಳಿ

ತಗಡಿನ ಮೇಲೆ ರೆಂಬ್ರಾಂಟ್ ತನ್ನ ಹೆಸರು ಮತ್ತು ವರ್ಷ ಬಿಟ್ಟರೆ ಬೇರೆ ಮಾತು ಬರೆದಿಲ್ಲ. ಆದರೆ ಮೂರು ಮರ ಅಂದಾಗ ಕ್ರೈಸ್ತರ ನಾಡಿನಲ್ಲಿ ಜನಕ್ಕೆ ಮೂರು ಶಿಲುಬೆ ನೆನಪಾಗುವುದು ಸಹಜ. ಯೇಸುವಿನದು ಒಂದು, ಅಕ್ಕಪಕ್ಕ ಇಬ್ಬರು ಕಳ್ಳರದು. ಹತ್ತು ವರ್ಷ ಕಳೆದು, 1653ರಲ್ಲಿ, ಅವನೇ ‘ಮೂರು ಶಿಲುಬೆಗಳು’ ಎಂಬ ದೊಡ್ಡ ಡ್ರೈಪಾಯಿಂಟ್ ಮಾಡಿದ. ಅದರಲ್ಲೂ ಮೇಲಿನಿಂದ ನೇರ ಗೆರೆಗಳು ಸುರಿಯುತ್ತವೆ. ಇನ್ನು ಕೆಲವರು ಪಿತ, ಪುತ್ರ, ಪವಿತ್ರಾತ್ಮ ಎಂಬ ಮೂರನ್ನು ಇಲ್ಲಿ ಕಾಣುತ್ತಾರೆ.

ಮನೆಯ ಕಡೆಯಿಂದ ನೋಡುವವರೂ ಇದ್ದಾರೆ. 1642ರ ಜೂನ್‌ನಲ್ಲಿ ಅವನ ಹೆಂಡತಿ ಸಾಸ್ಕಿಯಾ ತೀರಿಕೊಂಡಳು. ಮಗ ಟೈಟಸ್‌ಗೆ ಆಗ ಒಂದು ವರ್ಷವೂ ತುಂಬಿರಲಿಲ್ಲ. ಅದಕ್ಕೂ ಮೊದಲು ಹುಟ್ಟಿದ ಮೂರು ಮಕ್ಕಳು ಹಸುಗೂಸುಗಳಾಗಿದ್ದಾಗಲೇ ಹೋಗಿದ್ದವು. ಮರುವರ್ಷ ಈ ಚಿತ್ರ.

ಇವುಗಳಲ್ಲಿ ಯಾವುದನ್ನು ಒಪ್ಪಬೇಕು? ನಾನು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಹೇಳಿಕೊಡುತ್ತೇನೆ. ನೀವು ಹೇಳುವ ಅರ್ಥವನ್ನು ಗೆರೆ ಹೊರುತ್ತದೆಯಾ ನೋಡಿ. ಕೈ ಎಲ್ಲಿ ಜಾಸ್ತಿ ಹೊತ್ತು ನಿಂತಿದೆಯೋ ಅಲ್ಲಿ ಅವನ ಮನಸ್ಸೂ ನಿಂತಿದೆ. ಮೂರು ಶಿಲುಬೆಯ ಮಾತಿಗೆ ಸ್ವಲ್ಪ ಬಲ ಇದೆ. ಮರಗಳ ಕಪ್ಪು, ಹಿಂದಿನ ಬೆಳಕು, ಮೇಲಿನ ನೇರ ಗೆರೆ, ಮೂರೂ ಅದನ್ನು ಹೊರುತ್ತವೆ. ಆದರೆ ಶಿಲುಬೆಯಲ್ಲಿ ನಡುವಿನದಕ್ಕೆ ಹೆಚ್ಚು ಗೌರವ ಇರಬೇಕು. ಇಲ್ಲಿ ನಡುವಿನ ಮರಕ್ಕೆ ಅಂಥ ವಿಶೇಷ ಗೆರೆ ನನಗೆ ಕಾಣುವುದಿಲ್ಲ. ಮೂರೂ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ.

ನನಗೆ ಗಟ್ಟಿಯಾಗಿ ಕಾಣುವ ಅರ್ಥ ಬೇರೆ. ಇಷ್ಟು ದೊಡ್ಡ ಆಕಾಶ ಕವಿದಿದ್ದರೂ ಕೆಳಗಿನ ಒಬ್ಬರಾದರೂ ತಲೆ ಎತ್ತಿ ನೋಡುತ್ತಿಲ್ಲ. ಗಾಳದವನಿಗೆ ಮೀನು. ಪ್ರೇಮಿಗಳಿಗೆ ಪ್ರೇಮ. ಗಾಡಿಯವರಿಗೆ ಊರು ಸೇರುವ ಆತುರ. ಚಿತ್ರ ಬರೆಯುವವನಿಗೆ ಅವನ ಚಿತ್ರ. ಆಕಾಶಕ್ಕೆ ಎದುರಾಗಿ ನಿಂತಿರುವುದು ಮರಗಳು ಮಾತ್ರ. ಹೆಂಡತಿ ಹೋದ ಮರುವರ್ಷ ಒಬ್ಬ ಮನುಷ್ಯ ಹೀಗೊಂದು ನೋಟ ಕಟ್ಟಿದ್ದಾನೆ ಎಂದರೆ ನಾನು ನಂಬುತ್ತೇನೆ. ನೀವು ಒಪ್ಪಬೇಕಿಲ್ಲ. ಆದರೆ ನಿಮ್ಮ ಅರ್ಥವನ್ನೂ ಗೆರೆ ತೋರಿಸಿಯೇ ಹೇಳಿ.

ಅವನ ಬೇರೆ ಮರಗಳನ್ನು ನೋಡಿದರೆ ಈ ಪರೀಕ್ಷೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1648ರ ಒಂದು ಎಚಿಂಗ್‌ನಲ್ಲಿ ಸಂತ ಜೆರೋಮ್ ಒಂದು ಮುದಿ ವಿಲೋ ಮರದ ಪಕ್ಕ ಕೂತು ಬರೆಯುತ್ತಿದ್ದಾನೆ. ಸಂತ ನಾಲ್ಕಾರು ತೆಳು ಗೆರೆಯಲ್ಲಿ ಮುಗಿದುಹೋಗಿದ್ದಾನೆ. ಮರದ ಬೊಡ್ಡೆಗೆ ಮಾತ್ರ ಗೆರೆಯ ಮೇಲೆ ಗೆರೆ. ಒಣಗಿದ ಆ ಬೊಡ್ಡೆಯಿಂದ ಹೊಸ ಚಿಗುರು ಬಂದಿದೆ. ಸಾವಿನ ಆಚೆಯ ಬದುಕು ಅಂತ ಓದಲು ಯಾರ ಅಪ್ಪಣೆಯೂ ಬೇಕಿಲ್ಲ, ಕೈಯೇ ಅಲ್ಲಿಗೆ ಕರೆದೊಯ್ಯುತ್ತದೆ. 1645ರ ‘ಓಮ್‌ವಾಲ್’ ಎಂಬ ಎಚಿಂಗ್‌ನಲ್ಲೂ ಮುರುಕು ಮರದ ಕತ್ತಲೆಯೊಳಗೆ ಇಬ್ಬರು ಪ್ರೇಮಿಗಳಿದ್ದಾರೆ. ಅಂದರೆ ‘ಮೂರು ಮರಗಳು’ ಚಿತ್ರದ ಪೊದೆ ಒಂದು ಸಲದ ಕುಚೇಷ್ಟೆ ಅಲ್ಲ. ಮರದ ನೆರಳು ಅವನಿಗೆ ಮನುಷ್ಯರನ್ನು ಕಾಯುವ ಜಾಗ.

ಇನ್ನೊಂದು ತಗಡಿನ ಕತೆ ಹೇಳದೆ ಮುಂದೆ ಹೋಗಲಾರೆ. ಹರ್ಕ್ಯುಲಿಸ್ ಸೆಗರ್ಸ್ ಎಂಬ ಹಿಂದಿನ ಕಲಾವಿದ ಮಾಡಿದ್ದ ತಾಮ್ರದ ತಗಡೊಂದು ರೆಂಬ್ರಾಂಟನ ಕೈಗೆ ಬಂತು. ಅದರಲ್ಲಿ ಬೈಬಲ್ ಕತೆಯ ಟೋಬಿಯಾಸ್ ಮತ್ತು ಒಬ್ಬ ದೇವದೂತ ಇದ್ದರು. ಸುಮಾರು 1653ರಲ್ಲಿ ರೆಂಬ್ರಾಂಟ್ ಆ ಇಬ್ಬರನ್ನು ಉಜ್ಜಿ ಅಳಿಸಿದ. ಆ ಜಾಗದಲ್ಲಿ ಮರಗಳನ್ನು ಬೆಳೆಸಿದ. ಈಜಿಪ್ಟಿಗೆ ಓಡಿಹೋಗುವ ಮೇರಿ, ಜೋಸೆಫ್, ಮಗುವನ್ನು ಮರಗಳ ಕೆಳಗೆ ಸಣ್ಣದಾಗಿ ಇಟ್ಟ. ತಾಮ್ರದ ಗೆರೆಯನ್ನು ಪೂರ್ತಿ ಅಳಿಸುವುದು ಕಷ್ಟ. ಇವತ್ತಿಗೂ ಆ ಮರಗಳ ನಡುವೆ ದೇವದೂತನ ರೆಕ್ಕೆಯ ಗುರುತು ಉಳಿದಿದೆ. ಹುಡುಕಿ ನೋಡಿ.

ಭಾರತದ ಮರವೂ ಅವನ ಮೇಜಿಗೆ ಬಂದಿತ್ತು. 1656ರಿಂದ 1661ರ ನಡುವೆ ಅವನು ಮೊಘಲ್ ಚಿತ್ರಗಳನ್ನು ನೋಡಿ ಜಪಾನಿ ಕಾಗದದ ಮೇಲೆ ನಕಲು ಮಾಡಿದ. ಅಂಥ ಇಪ್ಪತ್ತಕ್ಕೂ ಜಾಸ್ತಿ ರೇಖಾಚಿತ್ರಗಳು ಉಳಿದಿವೆ. ಒಂದರಲ್ಲಿ ನಾಲ್ವರು ಹಿರಿಯರು ಮರದ ಕೆಳಗೆ ಕೂತಿದ್ದಾರೆ. ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನಮ್ಮಲ್ಲಿ ಮರದ ಕೆಳಗೆ ಹಿರಿಯರು ಕೂರುವ ರೀತಿ ಅವನಿಗೆ ಹಿಡಿಸಿತ್ತು ಅನ್ನುವುದು ನನಗೆ ತುಂಬ ಖುಷಿಯ ವಿಷಯ.

ನಿಮ್ಮ ಮರ ಆರಿಸಿಕೊಳ್ಳಿ

ಚೆಂದದ ಮರ ಹುಡುಕಬೇಡಿ. ನಿಮಗೆ ಗೊತ್ತಿರುವ ಮರ ಆರಿಸಿ. ನನ್ನ ವಿದ್ಯಾರ್ಥಿಗಳು ಕುಕ್ಕರಹಳ್ಳಿ ಕೆರೆ ಕಡೆ ಹೋಗಿ ಕೂರುತ್ತಾರೆ. ಬೆಳಿಗ್ಗೆ ಏಳರ ಒಳಗೆ ಹೋಗಬೇಕು. ಬಿಸಿಲು ನೆತ್ತಿಗೆ ಬಂದರೆ ಗೊಂಚಲುಗಳ ನೆರಳು ಒಡೆದುಹೋಗುತ್ತದೆ, ಮರ ಚಪ್ಪಟೆಯಾಗುತ್ತದೆ.

ನಮ್ಮ ಮರಗಳಿಗೆ ಅರ್ಥ ಮೊದಲೇ ಅಂಟಿಕೊಂಡಿರುತ್ತದೆ. ಅರಳಿಕಟ್ಟೆ ಬರೆದರೆ ಬೇವು ಬರುತ್ತದೆ, ಕೆಳಗೆ ನಾಗರಕಲ್ಲು ಬರುತ್ತದೆ. ಬನ್ನಿ ಬರೆದರೆ ವಿಜಯದಶಮಿ ಬರುತ್ತದೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಅರಿಶಿನ, ಕುಂಕುಮ, ದೀಪ, ದಾರ ಎಲ್ಲ ತುಂಬಿದರೆ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ. ಆಗ ಗೆರೆ ಸೋಮಾರಿಯಾಗುತ್ತದೆ.

ಒಬ್ಬಳು ಹುಡುಗಿ ತನ್ನ ಅಜ್ಜಿ ಮನೆ ಮುಂದಿನ ಹುಣಸೆಮರ ಬರೆದುಕೊಂಡು ಬಂದಳು. ಅಜ್ಜಿ ಇಲ್ಲ ಅನ್ನುವುದನ್ನು ಹೇಳಲು ಮರದ ಕೆಳಗೆ ಒಂದು ಖಾಲಿ ಕುರ್ಚಿ ಇಟ್ಟಿದ್ದಳು. ಕುರ್ಚಿ ತೆಗೆಯಮ್ಮ ಅಂದೆ.

“ತೆಗೆದರೆ ಅಜ್ಜಿ ವಿಷಯ ಯಾರಿಗೆ ಗೊತ್ತಾಗುತ್ತೆ ಮೇಡಂ?”

“ಅಜ್ಜಿ ಕೂರುತ್ತಿದ್ದ ಜಾಗದ ನೆರಳನ್ನು ಬೇರೆಲ್ಲಕ್ಕಿಂತ ಜಾಸ್ತಿ ಹೊತ್ತು ಬೈಟ್ ಮಾಡು. ನೋಡೋಣ.”

ಬೈಟ್ ಅಂದರೆ ಗೆರೆಯನ್ನು ಆಸಿಡ್ ತಿನ್ನಲು ಬಿಡುವುದು. ಮಾಡಿದಳು. ಮರಕ್ಕಿಂತ ಅದರ ನೆರಳು ಕಪ್ಪಾಗಿ ಬಂತು. ನೋಡಿದವರೆಲ್ಲ ಅಲ್ಲಿ ಯಾರು ಇದ್ದರು ಅಂತ ಕೇಳಿದರು.

ಹಾಗಾಗಿ ತಗಡು ಮುಟ್ಟುವ ಮೊದಲು ಒಂದು ಸಣ್ಣ ಕಾಗದದಲ್ಲಿ ಮೂರೇ ಬಣ್ಣದಲ್ಲಿ, ಅಂದರೆ ಕಪ್ಪು, ಬೂದು, ಬಿಳಿಯಲ್ಲಿ, ನಿಮ್ಮ ಚಿತ್ರ ಹಾಕಿ. ಎಲ್ಲಕ್ಕಿಂತ ಕಪ್ಪು ಎಲ್ಲಿ? ಅದು ಒಂದೇ ಕಡೆ ಇರಲಿ. ನಿಮ್ಮ ಮಾತು ಅಲ್ಲಿದೆ.

ತಗಡು, ಮೇಣ, ಸೂಜಿ

ಮೊದಲ ಸಲಕ್ಕೆ 10 x 15 ಸೆಂ.ಮೀ. ತಾಮ್ರದ ತಗಡು ಸಾಕು, 1 ಮಿ.ಮೀ. ದಪ್ಪ. ನಾಲ್ಕೂ ಅಂಚನ್ನು ಅರದಿಂದ ಇಳಿಜಾರಾಗಿ ಉಜ್ಜಿ. ಇಲ್ಲದಿದ್ದರೆ ಪ್ರೆಸ್ಸಿನಲ್ಲಿ ಕಾಗದವೂ ಅದರ ಮೇಲೆ ಹಾಸುವ ಕಂಬಳಿಯೂ ಹರಿಯುತ್ತವೆ. ಮೇಲ್ಮೈಯನ್ನು ನೀರು ಹಾಕಿ 600, 1000, 1200ರ ಎಮರಿ ಕಾಗದದಲ್ಲಿ ಒಂದಾದ ಮೇಲೆ ಒಂದು ತಿಕ್ಕಿ. ಕೊನೆಗೆ ಬ್ರಾಸೊ. ಆಮೇಲೆ ಸೀಮೆಸುಣ್ಣದ ಪುಡಿ ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಜಿಡ್ಡು ತೆಗೆಯಿರಿ. ನೀರು ಹನಿಹನಿಯಾಗದೆ ಇಡೀ ತಗಡಿನ ಮೇಲೆ ಹಾಳೆಯಾಗಿ ನಿಂತರೆ ಜಿಡ್ಡು ಹೋಗಿದೆ ಅಂತ. ಬೆರಳು ತಾಕಿಸಬೇಡಿ.

ತಗಡನ್ನು ಬಿಸಿ ಮಾಡಿ ಹಾರ್ಡ್ ಗ್ರೌಂಡ್, ಅಂದರೆ ಆಗಲೇ ಹೇಳಿದ ಮೇಣ, ರಾಳದ ಮಿಶ್ರಣ, ಸವರಿ ರೋಲರ್‌ನಿಂದ ತೆಳುವಾಗಿ ಹರಡಿ. ತಣ್ಣಗಾಗುವ ಮೊದಲೇ ತಗಡನ್ನು ತಲೆಕೆಳಗು ಹಿಡಿದು, ನಾಲ್ಕೈದು ಮೇಣದಬತ್ತಿ ಸೇರಿಸಿ ಹಚ್ಚಿ ಅದರ ಹೊಗೆ ತಗುಲಿಸಿ. ಜ್ವಾಲೆ ಒಂದೇ ಕಡೆ ನಿಲ್ಲಬಾರದು, ಗ್ರೌಂಡ್ ಸುಟ್ಟುಹೋಗುತ್ತದೆ. ಪದರ ಕಪ್ಪಾಗಿ ಹೊಳೆಯಬೇಕು. ಆಗ ಸೂಜಿ ಎಳೆದಲ್ಲಿ ತಾಮ್ರದ ಗೆರೆ ಮಿನುಗುತ್ತದೆ.

ಬಟರ್ ಪೇಪರಿನಲ್ಲಿ ಪೆನ್ಸಿಲಿನಿಂದ ಬರೆದ ಚಿತ್ರವನ್ನು ಮುಖ ಕೆಳಗಾಗಿ ಇಟ್ಟು ಮೆಲ್ಲಗೆ ಉಜ್ಜಿದರೆ ಚಿತ್ರ ತಿರುಗಿ ತಗಡಿಗೆ ಇಳಿಯುತ್ತದೆ. ಅಚ್ಚಿನಲ್ಲಿ ಮತ್ತೆ ತಿರುಗಿ ಸರಿಯಾಗಿ ಬರುತ್ತದೆ. ಮುಖ್ಯ ಗೆರೆಗಳನ್ನು ಮಾತ್ರ ಇಳಿಸಿ. ಎಲ್ಲವನ್ನೂ ಇಳಿಸಿದರೆ ಸೂಜಿ ಬರೀ ನಕಲು ಮಾಡುತ್ತದೆ.

ಸೂಜಿಯನ್ನು ಒತ್ತಬೇಡಿ. ಗ್ರೌಂಡ್ ಸರಿದರೆ ಸಾಕು. ಕಾಂಡದಲ್ಲಿ ಗೆರೆ ಅಡ್ಡ ಸುತ್ತಿ ಹೋಗಲಿ, ಗುಂಡಗೆ ಕಾಣುತ್ತದೆ. ಎಲೆಗೊಂಚಲಿನಲ್ಲಿ ನೆರಳಿನ ಕಡೆಯಿಂದ ಶುರು ಮಾಡಿ ಬೆಳಕಿನ ಅಂಚಿಗೆ ಬಂದು ನಿಲ್ಲಿ. ಕೊಂಬೆಗಳ ನಡುವಿನ ಆಕಾಶದ ತೂತುಗಳನ್ನು ಕಾಪಾಡಿ. ಅವು ಮುಚ್ಚಿದರೆ ಮರ ಉಸಿರು ಕಟ್ಟಿ ಗುಡ್ಡವಾಗುತ್ತದೆ. ಗೆರೆಗಳನ್ನು ತೀರಾ ಒತ್ತಾಗಿ ಹಾಕಿದರೆ ಆಸಿಡ್ ನಡುವಿನ ಗ್ರೌಂಡನ್ನೇ ಕಿತ್ತುಬಿಡುತ್ತದೆ. ಆಗ ಕಪ್ಪು ಬರುವ ಬದಲು ಬೂದು ಕಲೆ ಬರುತ್ತದೆ.

ಬೈಟ್

ಮನೆಯಲ್ಲಿ ನೈಟ್ರಿಕ್ ಆಸಿಡ್ ಬೇಡ. ಅದರ ಕಂದು ಹೊಗೆ ಪುಪ್ಪುಸಕ್ಕೆ ಕೆಟ್ಟದು. ಫೆರಿಕ್ ಕ್ಲೋರೈಡ್ ಬಳಸಿ. ಸರ್ಕ್ಯೂಟ್ ಬೋರ್ಡ್ ಮಾಡುವವರೂ ಅದನ್ನೇ ಬಳಸುತ್ತಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ. ಪುಡಿ ಅಥವಾ ಗಟ್ಟಿ ಸಿಕ್ಕಿದರೆ ಅದನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಅದರ ಮೇಲೆ ನೀರು ಸುರಿಯಬೇಡಿ. ತುಂಬ ಬಿಸಿಯಾಗುತ್ತದೆ. ಕೈಗವಸು, ಕನ್ನಡಕ ಕಡ್ಡಾಯ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ.

ತಗಡಿನ ಹಿಂಭಾಗಕ್ಕೆ ಪ್ಯಾಕಿಂಗ್ ಟೇಪ್ ಹಚ್ಚಿ. ಪ್ಲಾಸ್ಟಿಕ್ ಟ್ರೇಯಲ್ಲಿ ನಾಲ್ಕು ಮೂಲೆಗೆ ಸಣ್ಣ ಆಸರೆ ಕೊಟ್ಟು ತಗಡನ್ನು ಮುಖ ಕೆಳಗಾಗಿ ಇಡಿ. ಮೇಲ್ಮುಖ ಇಟ್ಟರೆ ಕಸರು ಗೆರೆಯೊಳಗೇ ಕೂತು ಬೈಟ್ ನಿಲ್ಲುತ್ತದೆ.

ಸಮಯವೇ ಇಲ್ಲಿ ಕುಂಚ. ದೂರದ ಗುಡ್ಡ, ಆಕಾಶದ ಗೆರೆಗೆ ಸುಮಾರು 10 ನಿಮಿಷ. ತೆಗೆದು ತೊಳೆದು ಒಣಗಿಸಿ, ಆ ಭಾಗಕ್ಕೆ ವಾರ್ನಿಷ್ ಹಚ್ಚಿ ಮುಚ್ಚಿಬಿಡಿ. ಮತ್ತೆ ಇಳಿಸಿ. ನಡುವಿನದು ಒಟ್ಟು 25 ನಿಮಿಷ. ಅದನ್ನೂ ಮುಚ್ಚಿ. ನಿಮ್ಮ ಅತಿ ಕಪ್ಪು ಜಾಗ ಮಾತ್ರ ಒಟ್ಟು ಮುಕ್ಕಾಲು ಗಂಟೆ, ಒಂದು ಗಂಟೆಯವರೆಗೆ ಇರಲಿ. ದ್ರಾವಣ ಎಷ್ಟು ಹಳೆಯದು, ಅವತ್ತಿನ ಸೆಖೆ ಎಷ್ಟು ಅನ್ನುವುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ಅದಕ್ಕೇ ಒಂದು ತುಂಡು ತಗಡಿನಲ್ಲಿ ಮೊದಲು ಪರೀಕ್ಷೆ ಮಾಡಿ.

ಬಳಸಿದ ದ್ರಾವಣವನ್ನು ಮೋರಿಗೆ ಸುರಿಯಬೇಡಿ. ತಾಮ್ರ ಕರಗಿದ ನೀರು ಕೆರೆ ಸೇರಿದರೆ ಮೀನು ಸಾಯುತ್ತವೆ. ಕ್ಯಾನಿನಲ್ಲಿ ತುಂಬಿಟ್ಟು, ಕಾರ್ಖಾನೆಗಳ ಅಪಾಯದ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಅಚ್ಚು ತೆಗೆಯಿರಿ

ಸೀಮೆಎಣ್ಣೆಯಲ್ಲೋ ಟರ್ಪೆಂಟೈನಿನಲ್ಲೋ ಗ್ರೌಂಡ್ ಒರೆಸಿ. ಎಚಿಂಗ್ ಇಂಕನ್ನು ರಟ್ಟಿನ ತುಂಡಿನಿಂದ ಗೆರೆಗಳ ಒಳಗೆ ತುಂಬಿ. ಗಂಜಿ ಹಾಕಿದ ಜಾಳು ಬಟ್ಟೆಯಿಂದ ಸುತ್ತು ಸುತ್ತಾಗಿ ಒರೆಸಿ, ಕೊನೆಗೆ ಅಂಗೈಯಿಂದ ಒಂದೆರಡು ಸಲ ಸವರಿ. ಬೆಳಕು ಬೇಕಾದ ಕಡೆ ಪೂರ್ತಿ ಒರೆಸಿ. ಮಬ್ಬು ಬೇಕಾದ ಕಡೆ ತೆಳುವಾಗಿ ಇಂಕು ಬಿಡಿ. ಹತ್ತಿಯ ದಪ್ಪ ಕಾಗದವನ್ನು ನೀರಲ್ಲಿ ನೆನೆಸಿ, ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ, ಮೇಲಿನ ನೀರಿನ ಹೊಳಪು ಹೋದ ಮೇಲೆ ಬಳಸಿ. ಪ್ರೆಸ್ ಇಲ್ಲದಿದ್ದರೆ ಚಮಚದಿಂದ ಉಜ್ಜಿ ತೆಗೆಯಲು ಹೋಗಬೇಡಿ, ಗೆರೆಯೊಳಗಿನ ಇಂಕು ಸರಿಯಾಗಿ ಎದ್ದು ಬರುವುದಿಲ್ಲ. ಹತ್ತಿರದ ಕಲಾ ಕಾಲೇಜಿನ ಗ್ರಾಫಿಕ್ಸ್ ವಿಭಾಗದಲ್ಲಿ ಕೇಳಿ. ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ಮೊದಲ ಅಚ್ಚನ್ನು ಗೋಡೆಗೆ ಅಂಟಿಸಿ ಕಣ್ಣು ಅರ್ಧ ಮುಚ್ಚಿ. ನೀವು ಅಂದುಕೊಂಡ ಕಡೆಯೇ ಕಪ್ಪು ಬಂದಿದೆಯಾ? ಸಾಲದಿದ್ದರೆ ಡ್ರೈಪಾಯಿಂಟ್ ಮೊನೆ ತಗೊಂಡು ಅಲ್ಲಿ ನೇರವಾಗಿ ಗೀಚಿ. ಜಾಸ್ತಿಯಾದರೆ ಬರ್ನಿಷರ್ ಎಂಬ ನುಣುಪು ಉಕ್ಕಿನ ಉಪಕರಣಕ್ಕೆ ಒಂದು ಹನಿ ಎಣ್ಣೆ ಹಚ್ಚಿ ಉಜ್ಜಿ ತಗ್ಗಿಸಿ. ಡ್ರೈಪಾಯಿಂಟ್ ಸೇರಿಸಿದ ತಗಡಿನಿಂದ ಹತ್ತು ಹದಿನೈದು ಪ್ರತಿ ತೆಗೆದ ಮೇಲೆ ಪ್ರತಿಯೊಂದನ್ನೂ ಮೊದಲನೆಯದರ ಪಕ್ಕ ಇಟ್ಟು ಹೋಲಿಸಿ. ಮಖಮಲ್ಲು ತೆಳುವಾಗಿದ್ದರೆ ಅಲ್ಲಿಗೆ ನಿಲ್ಲಿಸಿ, ಅಷ್ಟು ಪ್ರತಿಗಳೇ ನಿಮ್ಮ ಎಡಿಷನ್. ಪ್ರತಿಯ ಕೆಳಗೆ ಎಡಕ್ಕೆ ಸಂಖ್ಯೆ, ಬಲಕ್ಕೆ ಸಹಿ, ಎರಡೂ ಪೆನ್ಸಿಲಿನಲ್ಲೇ ಇರಲಿ. ತಗಡಿನ ಇಂಕನ್ನು ಚೆನ್ನಾಗಿ ತೆಗೆದು, ವ್ಯಾಸಲೀನ್ ಸವರಿ, ಬಟರ್ ಪೇಪರಿನಲ್ಲಿ ಸುತ್ತಿಡಿ. ಮಳೆಗಾಲದಲ್ಲಿ ಒಮ್ಮೆ ತೆರೆದು ನೋಡಿ, ಹಸಿರು ಕಿಲುಬು ಕಂಡರೆ ಒರೆಸಿ ಮತ್ತೆ ಸವರಿ.